ಒಂದು ಪಾನ್ ಹೆಚ್ಚಿದ್ದೂ ಡ್ರಾ: ಗೆಲುವು ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವನು. ಚೆಸ್‌ನಲ್ಲಿ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1610. ಇತ್ತೀಚೆಗೆ ಒಂದು ಓಪನ್ ಟೂರ್ನಿಯಲ್ಲಿ (90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ) 1480 ರೇಟಿಂಗ್‌ನವರ ಎದುರು ಬಿಳಿಯಲ್ಲಿ ಆಡಿದೆ. 33ನೇ ನಡೆಯ ಹೊತ್ತಿಗೆ ಇಬ್ಬರ ಬಳಿಯೂ ಒಂದೊಂದು ಆನೆ ಉಳಿದಿತ್ತು, ನನಗೆ ಒಂದು ಪಾನ್ (ಕಾಲಾಳು) ಹೆಚ್ಚು. ನನ್ನವು (ಅಕ್ಷರ ನೇರ ಸಾಲಿಗೆ, ಅಂಕಿ ಅಡ್ಡ ಸಾಲಿಗೆ): ರಾಜ ಜಿ2, ಆನೆ ಎ1, ಪಾನ್‌ಗಳು ಎ4, ಇ4, ಎಫ್3, ಜಿ3, ಎಚ್4. ಅವರವು: ರಾಜ ಜಿ7, ಆನೆ ಬಿ8, ಪಾನ್‌ಗಳು ಬಿ6, ಎಫ್7, ಜಿ6, ಎಚ್5. ನಾನು 34ನೇ ನಡೆಯಲ್ಲಿ ಎ5 ತಳ್ಳಿದೆ, ಅವರು ಹೊಡೆದರು, ನಾನು ಆನೆಯಿಂದ ವಾಪಸ್ ಹೊಡೆದೆ. ಆಮೇಲೆ ಒಂದೊಂದೇ ಪಾನ್ ಬದಲಾಗುತ್ತ ಹೋಗಿ 60ನೇ ನಡೆಗೆ ನನ್ನ ರಾಜ ಡಿ5, ಪಾನ್ ಇ5, ಆನೆ ಎ7. ಅವರ ರಾಜ ಇ8, ಆನೆ ಜಿ6, ಇಷ್ಟೇ ಉಳಿಯಿತು. 61ರಲ್ಲಿ ಇ6 ತಳ್ಳಿದೆ. ಅವರು ಹಿಂದಿನಿಂದ ಚೆಕ್ ಕೊಡುತ್ತಲೇ ಹೋದರು. 67ನೇ ನಡೆಯಲ್ಲಿ ಅವರು ನಡೆಯನ್ನು ಆಡಲೇ ಇಲ್ಲ. ಸ್ಕೋರ್‌ಶೀಟ್‌ನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದು ‘ಮೂರು ಸಲ ಆಯಿತು’ ಎಂದರು. ನಾನು ನಡುವೆ ಬೇರೆ ಬೇರೆ ಮನೆಗೆ ರಾಜನನ್ನು ಇಟ್ಟಿದ್ದೆ, ಸತತವಾಗಿ ಮೂರು ಸಲ ಒಂದೇ ನಡೆ ಬಂದಿಲ್ಲ. ಆದರೂ ಆರ್ಬಿಟರ್ ಡ್ರಾ ಕೊಟ್ಟರು. ಇದಕ್ಕೆ ಮೊದಲು ಅವರು ಹತ್ತು ನಡೆಗಳೊಳಗೆ ನಾಲ್ಕು ಸಲ ಡ್ರಾ ಕೇಳಿದ್ದರು. ಕ್ಲಬ್‌ನಲ್ಲಿ ಕೆಲವರು ‘ಆನೆ ಎಂಡ್‌ಗೇಮ್ (ಆನೆ, ಪಾನ್‌ಗಳಷ್ಟೇ ಉಳಿದ ಕೊನೆಯ ಹಂತ) ಎಲ್ಲ ಡ್ರಾನೇ ಬಿಡಿ’ ಎನ್ನುತ್ತಾರೆ, ಕೆಲವರು ‘ಒಂದು ಪಾನ್ ಮೇಲಿದ್ದೂ ಗೆಲ್ಲಲಿಲ್ಲವಲ್ಲ’ ಎನ್ನುತ್ತಾರೆ. ಮೊಬೈಲ್‌ನಲ್ಲಿ ಎಂಜಿನ್ (ಆಟವನ್ನು ಅಳೆಯುವ ತಂತ್ರಾಂಶ) ಬಹಳ ಹೊತ್ತು ನನಗೆ +1ರ ಆಸುಪಾಸು ತೋರಿಸಿತು. ನಾನು ಎಲ್ಲಿ ಗೆಲುವನ್ನು ಕಳೆದುಕೊಂಡೆ? ಆರ್ಬಿಟರ್ ತೀರ್ಪು ಸರಿಯೇ?

ಉತ್ತರ: ಪೂರ್ತಿ ಸ್ಕೋರ್‌ಶೀಟ್ ಕಳಿಸಿದ್ದು ಒಳ್ಳೆಯದಾಯಿತು, ಇಲ್ಲವಾದರೆ ಊಹೆಯಲ್ಲೇ ಉತ್ತರಿಸಬೇಕಿತ್ತು. ನೀವು ಮರುಗುತ್ತಿರುವುದು 61ನೇ ನಡೆಯ ಬಗ್ಗೆ, ಸಿಟ್ಟಾಗಿರುವುದು 67ನೇ ನಡೆಯ ಬಗ್ಗೆ. ಆಟ ಕೈತಪ್ಪಿದ್ದು ಮಾತ್ರ 34ರಲ್ಲಿ. 61ರ ಹೊತ್ತಿಗೆ ಗೆಲುವು ಬೋರ್ಡಿನ ಮೇಲೆ ಇರಲೇ ಇಲ್ಲ, 67ರಲ್ಲಿ ಆರ್ಬಿಟರ್ ಮಾಡಿದ್ದು ನಿಯಮದ ಪ್ರಕಾರವೇ.

ನಿಯಮದ ಮಾತನ್ನು ಮೊದಲು ಮುಗಿಸಿಬಿಡೋಣ. ಮೂರು ಸಲ ಬರಬೇಕಾದದ್ದು ನಡೆಯಲ್ಲ, ಸ್ಥಿತಿ. ಒಂದೇ ಸ್ಥಿತಿ ಮೂರು ಸಲ ಬರಬೇಕು. ನಡುವೆ ಏನೇ ಬಂದಿದ್ದರೂ, ಎಷ್ಟೇ ಅಂತರವಿದ್ದರೂ ಪರವಾಗಿಲ್ಲ. ಪ್ರತಿ ಸಲವೂ ನಡೆಯುವ ಸರದಿ ಒಬ್ಬರದ್ದೇ ಆಗಿರಬೇಕು, ಎಲ್ಲ ಕಾಯಿಗಳೂ ಅದೇ ಮನೆಗಳಲ್ಲಿರಬೇಕು, ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಮತ್ತು ಆನ್‌ಪಾಸಾಂ (ಎರಡು ಮನೆ ಹಾರಿದ ಪಾನ್ ಅನ್ನು ಪಕ್ಕದ ಪಾನ್ ಹೊಡೆಯುವುದು) ಹಕ್ಕುಗಳೂ ಅವೇ ಆಗಿರಬೇಕು. ನಿಮ್ಮ ಆಟದಲ್ಲಿ 63ರ ನಂತರ ನಿಮ್ಮ ರಾಜ ಇ5, ಅವರ ಆನೆ ಇ1ರಿಂದ ಚೆಕ್. ನೀವು ಎಫ್6ಕ್ಕೆ ಹೋಗಿ ಬಂದಿರಿ. 65ರ ನಂತರ ಮತ್ತೆ ಅದೇ ಚಿತ್ರ. ಈ ಸಲ ಡಿ6ಕ್ಕೆ ಹೋಗಿ ಬಂದಿರಿ. 67ರಲ್ಲಿ ಅವರು ಆನೆಯನ್ನು ಇ1ಕ್ಕೆ ಇಟ್ಟರೆ ಅದೇ ಚಿತ್ರ ಮೂರನೆಯ ಸಲ. ದಾರಿ ಬೇರೆ ಬೇರೆ, ತಲುಪಿದ ಜಾಗ ಒಂದೇ.

ಬರೆದು ಆಡದೆ ಉಳಿದದ್ದು ನಿಮಗೆ ಮೋಸದಂತೆ ಕಂಡಿದೆ. ಸಾಮಾನ್ಯವಾಗಿ ನಡೆಯನ್ನು ಆಡುವ ಮೊದಲೇ ಬರೆಯುವಂತಿಲ್ಲ ನಿಜ, ಆದರೆ ಡ್ರಾ ಕ್ಲೇಮ್ ಅದಕ್ಕೆ ಇರುವ ಅಪವಾದ. ತಾನು ಆಡಲಿರುವ ನಡೆಯಿಂದ ಸ್ಥಿತಿ ಮೂರನೆಯ ಸಲ ಬರುತ್ತದೆ ಎನ್ನುವವರು ಆ ನಡೆಯನ್ನು ಬರೆಯಬೇಕು, ಕಾಯಿ ಮುಟ್ಟಬಾರದು, ಗಡಿಯಾರ ನಿಲ್ಲಿಸಿ ಆರ್ಬಿಟರಿಗೆ ಹೇಳಬೇಕು. ಕಾಯಿ ಮುಟ್ಟಿದರೆ ಆ ನಡೆಯ ಮಟ್ಟಿಗೆ ಕ್ಲೇಮ್ ಹಕ್ಕು ಹೋಯಿತು. ಕ್ಲಬ್ ಮಟ್ಟದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ‘ಮೂರು ಸಲ’ ಎನ್ನುತ್ತಾರೆ. ನಿಮ್ಮ ಎದುರಾಳಿ ಎಡವಲಿಲ್ಲ. ಕ್ಲೇಮ್ ತಪ್ಪೆಂದು ತೇಲಿದ್ದರೆ ನಿಮ್ಮ ಗಡಿಯಾರಕ್ಕೆ ಎರಡು ನಿಮಿಷ ಸೇರುತ್ತಿತ್ತು, ಅವರು ಬರೆದಿದ್ದ ನಡೆಯನ್ನೇ ಆಡಿ ಆಟ ಮುಂದುವರಿಯುತ್ತಿತ್ತು. ಯಾರೂ ಕ್ಲೇಮ್ ಮಾಡದಿದ್ದರೂ ಒಂದೇ ಸ್ಥಿತಿ ಐದು ಸಲ ಬಂದರೆ ಡ್ರಾ, ಅಲ್ಲಿ ಆರ್ಬಿಟರೇ ಆಟ ನಿಲ್ಲಿಸಬಹುದು.

50 ನಡೆಯ ನಿಯಮದ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಎಂಡ್‌ಗೇಮ್ ಶುರುವಾದಲ್ಲಿಂದ ಎಣಿಸುವುದಲ್ಲ. ಕೊನೆಯ ಸಲ ಯಾವುದಾದರೂ ಪಾನ್ ನಡೆದಲ್ಲಿಂದ ಅಥವಾ ಯಾವುದಾದರೂ ಕಾಯಿ ಹೊಡೆದಲ್ಲಿಂದ ಎರಡೂ ಕಡೆ ತಲಾ 50 ನಡೆ ಆಗಬೇಕು. ನಿಮ್ಮ 61ನೇ ನಡೆ ಇ6ರಿಂದ ಎಣಿಕೆ ಮತ್ತೆ ಸೊನ್ನೆಗೆ ಬಂತು. ಇದೂ ಕ್ಲೇಮ್ ಮಾಡಿದರಷ್ಟೇ. ತಾನಾಗಿ ಡ್ರಾ ಆಗುವುದು ತಲಾ 75 ನಡೆಗೆ.

ನಾಲ್ಕು ಸಲ ಡ್ರಾ ಕೇಳಿದ್ದರ ಬಗ್ಗೆ ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಡ್ರಾ ಕೇಳುವ ಕ್ರಮವೇ ಬೇರೆ: ತನ್ನ ನಡೆ ಆಡಿ, ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ಹಾಗೆ ಕ್ರಮವಾಗಿಯೇ ಕೇಳಿದರೂ, ಪದೇ ಪದೇ ಕೇಳಿ ಎದುರಾಳಿಗೆ ಕಿರಿಕಿರಿ ಮಾಡುವುದನ್ನು ನಿಯಮ ನಿಷೇಧಿಸುತ್ತದೆ. ಎರಡನೆಯ ಸಲ ಕೇಳಿದಾಗಲೇ ಗಡಿಯಾರ ನಿಲ್ಲಿಸಿ ಆರ್ಬಿಟರಿಗೆ ಹೇಳಬಹುದಿತ್ತು. ಆಟ ಮುಗಿದ ಮೇಲೆ ದೂರಿದರೆ ಫಲಿತಾಂಶ ಬದಲಾಗದು. ಪ್ರತಿ ಸಲ ಕೇಳಿದಾಗಲೂ ಸ್ಕೋರ್‌ಶೀಟ್‌ನಲ್ಲಿ ಆ ನಡೆಯ ಪಕ್ಕ ಸಮ ಚಿಹ್ನೆ ಹಾಕುವುದು ಇಬ್ಬರ ಕರ್ತವ್ಯ. ಆ ಗುರುತುಗಳಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ನಿಮ್ಮ ಹಾಳೆಯಲ್ಲಿ ಒಂದೂ ಇಲ್ಲ.

ಇನ್ನು ಆಟಕ್ಕೆ ಬರೋಣ. 60ನೇ ನಡೆಯ ಸ್ಥಿತಿ ಫಿಲಿಡೋರ್ ಹೆಸರಿನ ಪ್ರಸಿದ್ಧ ರಕ್ಷಣೆ. ಫ್ರಾನ್ಸಿನ ಫಿಲಿಡೋರ್ (1726–1795) ಸಂಗೀತ ಸಂಯೋಜಕರೂ ಹೌದು, ಆ ಕಾಲದ ಅತಿ ಬಲಿಷ್ಠ ಆಟಗಾರರೂ ಹೌದು. ರಕ್ಷಿಸುವವನ ರಾಜ ಪಾನ್‌ನ ಎದುರಿಗೇ ನಿಂತಿರಬೇಕು, ಆನೆ ತನ್ನ ಮೂರನೇ ಸಾಲನ್ನು (ನಿಮ್ಮ ಕಡೆಯಿಂದ ಎಣಿಸಿದರೆ ಆರನೆಯದನ್ನು) ಕಾಯಬೇಕು. ಅವರ ಆನೆ ಜಿ6ರಲ್ಲಿರುವವರೆಗೆ ನಿಮ್ಮ ರಾಜ ಡಿ6ಕ್ಕೋ ಇ6ಕ್ಕೋ ಕಾಲಿಡಲಾರ. ರಾಜ ಮುಂದೆ ಹೋಗಲಾಗದಿದ್ದರೆ ಪಾನ್ ಹೋಗಬೇಕು. ಪಾನ್ ಇ6ಕ್ಕೆ ಹೋದ ಕೂಡಲೇ ಅವರ ಆನೆ ಜಿ1ಕ್ಕೆ ಇಳಿಯುತ್ತದೆ. ನಿಮ್ಮ ರಾಜ ಡಿ6ಕ್ಕೆ ಬಂದು ಎ8ರಲ್ಲಿ ಮೇಟ್ ಬೆದರಿಕೆ ಒಡ್ಡಿದರೆ ಡಿ1ರಿಂದ ಚೆಕ್, ಇ5ಕ್ಕೆ ಬಂದರೆ ಇ1ರಿಂದ ಚೆಕ್, ಎಫ್6ಕ್ಕೆ ಬಂದರೆ ಎಫ್1ರಿಂದ ಚೆಕ್. ಜಿ7ಕ್ಕೆ ಓಡಿದರೆ ಆನೆ ಇ1ಕ್ಕೆ ಬಂದು ಪಾನ್ ಹಿಡಿಯುತ್ತದೆ, ನೀವು ಎಫ್6ಕ್ಕೆ ವಾಪಸ್ ಬರಬೇಕು.

ಇಲ್ಲಿನ ಒಳಗುಟ್ಟು ಏನೆಂದರೆ, ಐದನೇ ಸಾಲಿನಲ್ಲಿರುವ ಪಾನ್ ನಿಮ್ಮ ರಾಜನಿಗೆ ಕೊಡೆ. ರಾಜ ಇ6ರಲ್ಲಿ, ಪಾನ್ ಇ5ರಲ್ಲಿ ಇದ್ದರೆ ಹಿಂದಿನಿಂದ ಬರುವ ಚೆಕ್ ಪಾನ್‌ಗೇ ತಾಗಿ ನಿಲ್ಲುತ್ತದೆ. ಪಾನ್ ಇ6ಕ್ಕೆ ಹೋದರೆ ಕೊಡೆ ಮುಂದೆ ಹೋಯಿತು, ರಾಜ ಬಯಲಲ್ಲಿ ನಿಂತ. ಅದಕ್ಕೇ ಅವರ ಆನೆ ಪಾನ್ ನಡೆಯುವವರೆಗೂ ಆರನೇ ಸಾಲಲ್ಲೇ ಕಾದು ಕೂತಿತ್ತು.

ಹಾಗೆಂದು 61ರಲ್ಲಿ ಇ6 ‘ತಪ್ಪು’ ಎನ್ನಲಾರೆ. ಡ್ರಾ ಸ್ಥಿತಿ ಡ್ರಾ ಆಗಿಯೇ ಉಳಿಯಿತು. ಆದರೆ ಅದು ಎದುರಾಳಿಯ ಕೆಲಸ ಹಗುರ ಮಾಡಿದ ನಡೆ. ಹಲವು ನಡೆ ಕಾಯಬಹುದಿತ್ತು: ಆನೆ ಬಿ7ಕ್ಕೆ, ಎಚ್7ಕ್ಕೆ, ಎ8ರಿಂದ ಒಂದು ಚೆಕ್, ಮತ್ತೆ ವಾಪಸ್. 1480 ಮಟ್ಟದವರು ಕಾದು ಕಾದು ಬೇಸತ್ತು ಮಾಡುವ ತಪ್ಪುಗಳು ಗೊತ್ತಿರುವಂಥವೇ. ಪಾನ್ ನಡೆಯುವ ಮೊದಲೇ ಆನೆಯನ್ನು ಜಿ1ಕ್ಕೆ ಇಳಿಸುತ್ತಾರೆ. ಆಗ ನಿಮ್ಮ ರಾಜ ಇ6ಕ್ಕೆ, ಕೊಡೆಯ ಮುಂದೆ, ಎಂಟನೇ ಸಾಲಿನಲ್ಲಿ ಮೇಟ್ ಬೆದರಿಕೆ. ಅವರು ಜಿ6ರಿಂದ ಚೆಕ್ ಕೊಟ್ಟು ಆರನೇ ಸಾಲಿಗೆ ಮರಳದಿದ್ದರೆ ಅವರ ರಾಜ ಎಫ್8ರ ಕಡೆಗೆ, ಅಂದರೆ ಪಾನ್‌ನಿಂದ ಬೋರ್ಡಿನ ಅಂಚಿಗೆ ಕಡಿಮೆ ಮನೆಗಳಿರುವ ಬದಿಗೆ ಹೋಗಬೇಕು, ಆನೆಗೆ ಪಕ್ಕದಿಂದ ಚೆಕ್ ಕೊಡಲು ಉದ್ದದ ಬದಿ ಉಳಿಯಬೇಕು. ಡಿ8ಕ್ಕೆ ಹೋದರೆ ಸೋಲು. ಇನ್ನೊಂದು ತಪ್ಪು, ಹೆದರಿ ಆನೆಯನ್ನು ಎಂಟನೇ ಸಾಲಿಗೆ ಎಳೆದುಕೊಳ್ಳುವುದು. ಪಾನ್ ಎ, ಬಿ, ಜಿ, ಎಚ್ ಸಾಲುಗಳಲ್ಲಿದ್ದರೆ ಈ ಸಪ್ಪೆ ರಕ್ಷಣೆಯೂ ನಡೆಯುತ್ತದೆ; ಸಿ, ಡಿ, ಇ, ಎಫ್ ಪಾನ್‌ಗಳ ಎದುರು ನಡೆಯುವುದಿಲ್ಲ. ಮೂರನೆಯದು, ನಿಮ್ಮ ಆನೆ ಬಿ7ರಲ್ಲಿರುವಾಗ ಲಕ್ಷ್ಯವಿಲ್ಲದೆ ತಮ್ಮ ಆನೆಯನ್ನು ಬಿ6ಕ್ಕೆ ಇಟ್ಟು ಸುಮ್ಮನೆ ಕಳೆದುಕೊಳ್ಳುವುದು. ನಗಬೇಡಿ, ನಾಲ್ಕನೇ ಗಂಟೆಯಲ್ಲಿ ಇದೂ ಆಗುತ್ತದೆ. ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಹೀಗೆ ಕಾಯುವುದರಿಂದ ನಿಮಗೆ ಹೆಚ್ಚಿನ ಅಪಾಯವಿಲ್ಲ, 50 ನಡೆ ದಾಟದಂತೆ ಎಣಿಸಿಕೊಂಡರೆ ಸಾಕು.

ಈಗ 34ನೇ ನಡೆ. ಆಗ ನಿಮಗೆ ಎಡಗಡೆ ಎ ಪಾನ್, ಅವರಿಗೆ ಬಿ ಪಾನ್. ಬಲಗಡೆ ನಿಮಗೆ ನಾಲ್ಕು, ಅವರಿಗೆ ಮೂರು. ನೀವು ಎ5 ತಳ್ಳಿ ಎಡಗಡೆಯನ್ನು ಪೂರ್ತಿ ಗುಡಿಸಿಬಿಟ್ಟಿರಿ. ಉಳಿದದ್ದು ಒಂದೇ ಬದಿಯಲ್ಲಿ ನಾಲ್ಕಕ್ಕೆ ಮೂರು, ಅದೂ ಅವರ ಪಾನ್‌ಗಳು ಎಫ್7, ಜಿ6, ಎಚ್5ರಲ್ಲಿ. ಈ ರಚನೆ ಬಹಳ ಹಿಂದಿನಿಂದಲೂ ಡ್ರಾ ಎಂದೇ ಗೊತ್ತಿರುವಂಥದು. ರಕ್ಷಿಸುವವರು ಬಯಸುವುದೇ ಎಚ್5ರ ಪಾನ್ ಅನ್ನು. ಎಲ್ಲ ಪಾನ್‌ಗಳೂ ಒಂದೇ ಬದಿಯಲ್ಲಿದ್ದರೆ ಅವರ ರಾಜ, ಆನೆ ಎರಡಕ್ಕೂ ಓಡಾಟವೇ ಬೇಡ.

ಅದರ ಬದಲು 34ರಲ್ಲಿ ಆನೆಯನ್ನು ಬಿ1ಕ್ಕೆ ಇಟ್ಟು ನೋಡಿ. ಬಿ6ರ ಮೇಲೆ ಕಣ್ಣು. ಅವರು ಲಕ್ಷ್ಯ ಕೊಡದೆ ರಾಜನನ್ನು ಎಫ್6ಕ್ಕೆ ತಂದರೆ ನಿಮ್ಮ ಆನೆ ಬಿ5ಕ್ಕೆ (ಎ4 ಪಾನ್ ಅದಕ್ಕೆ ಕಾವಲು), ಮುಂದೆ ಎ5. ಆಗ ಬಿ6 ಪಾನ್ ಎ5 ಹೊಡೆಯುವಂತಿಲ್ಲ, ಹೊಡೆದರೆ ಹಿಂದಿರುವ ಬಿ8ರ ಆನೆ ಹೋಗುತ್ತದೆ. ಅವರ ರಾಜ ಡಿ6, ಸಿ6 ಎಂದು ಓಡಿ ಬಂದು ಬಿ6ರಲ್ಲಿ ಪಾನ್ ವಾಪಸ್ ಪಡೆಯಬಹುದು, ಆದರೆ ಅಷ್ಟರಲ್ಲಿ ಆನೆಗಳು ಬದಲಾದರೆ ರಾಜ ಬಿ6ರಲ್ಲಿ ಒಂಟಿ, ಆ ಕಡೆ ನಿಮ್ಮ ನಾಲ್ಕು ಪಾನ್‌ಗಳ ಎದುರು ಮೂರು. ಆ ಪಾನ್ ಎಂಡ್‌ಗೇಮ್ ನಿಮ್ಮದು.

ಅವರ ಒಳ್ಳೆಯ ಉತ್ತರ, ಆನೆ ಎ8ಕ್ಕೆ ಬಂದು ಎ4 ಹಿಡಿಯುವುದು. ಇಲ್ಲಿ ಆಸೆಗೆ ಬಿದ್ದು ಬಿ6 ಹೊಡೆದರೆ ಅವರು ಎ4 ಹೊಡೆಯುತ್ತಾರೆ, ಮತ್ತೆ ಅದೇ ನಾಲ್ಕಕ್ಕೆ ಮೂರು. ಸಾವಧಾನವಾಗಿ ಆನೆಯನ್ನು ಬಿ4ಕ್ಕೆ ಇಡಿ: ಎ4 ಉಳಿಯಿತು, ಬಿ6ರ ಮೇಲಿನ ಒತ್ತಡವೂ ಉಳಿಯಿತು. ಬಿ6 ಕಾಯಲು ಅವರ ಆನೆ ಎ6ಕ್ಕೆ ಬರಬೇಕು, ಬಂದರೆ ಅಲ್ಲೇ ಸೆರೆ. ನಿಮ್ಮ ರಾಜ ಎಫ್2, ಇ3, ಡಿ4 ಎಂದು ಆರಾಮವಾಗಿ ನಡೆದು ಬರಬಹುದು. ಇದರಿಂದ ಗೆಲುವು ಬರೆದಿಟ್ಟದ್ದು ಎನ್ನಲಾರೆ, ಅವರ ರಾಜನೂ ಅತ್ತ ಧಾವಿಸುತ್ತಾನೆ. ಆದರೆ ಅವರು ಎರಡೂ ಬದಿ ಕಾಯಬೇಕಾಗುತ್ತದೆ. ನಿಮ್ಮ ಆಟದಲ್ಲಿ ಒಂದೇ ಬದಿ ಸಾಕಾಯಿತು.

ಹಾಗಾದರೆ ಎ5 ಏಕೆ ಬಂತು? ‘ಮೇಲಿರುವಾಗ ಬದಲಾಯಿಸು’ ಎಂಬ ಸಲಹೆಯನ್ನು ಅರ್ಧ ಮಾತ್ರ ಕಲಿತಿರುತ್ತೇವೆ. ಮೇಲಿರುವವರು ಬದಲಾಯಿಸಬೇಕಾದದ್ದು ದೊಡ್ಡ ಕಾಯಿಗಳನ್ನು. ಪಾನ್‌ಗಳನ್ನು ಬದಲಾಯಿಸಬೇಕಾದವರು ಕೆಳಗಿರುವವರು. ಪ್ರತಿ ಜೊತೆ ಪಾನ್ ಹೋದಂತೆ ರಕ್ಷಿಸುವವರು ಡ್ರಾಗೆ ಒಂದು ಹೆಜ್ಜೆ ಹತ್ತಿರ. ನೀವು 34ರಿಂದ 60ರೊಳಗೆ ನಾಲ್ಕು ಜೊತೆ ಬದಲಾಯಿಸಿದ್ದೀರಿ, ನಾಲ್ಕೂ ಸಲ ಮೊದಲು ತಳ್ಳಿದವರು ನೀವೇ.

ಎಂಜಿನ್‌ನ +1 ನಿಮ್ಮನ್ನು ದಾರಿ ತಪ್ಪಿಸಿರುವುದು ಸಹಜ. ಆನೆ ಎಂಡ್‌ಗೇಮ್‌ನಲ್ಲಿ ಆ ಅಂಕಿ ಬಹಳ ಸಲ ‘ಒಂದು ಪಾನ್ ಹೆಚ್ಚಿದೆ’ ಎಂದಷ್ಟೇ ಹೇಳುತ್ತದೆ, ‘ಗೆಲ್ಲುತ್ತೀರಿ’ ಎಂದಲ್ಲ. ನಡೆ ನಡೆದರೂ ಅಂಕಿ ಏರದೆ ಅಲ್ಲೇ ಕುಳಿತಿದ್ದರೆ ಕೋಟೆ ಭದ್ರವಾಗಿದೆ ಎಂದೇ ಓದಿಕೊಳ್ಳಿ. ಎರಡೂ ರಾಜರನ್ನು ಸೇರಿಸಿ ಬೋರ್ಡಿನಲ್ಲಿ ಏಳು ಅಥವಾ ಕಡಿಮೆ ಕಾಯಿಗಳಿದ್ದರೆ ಎಂಜಿನ್ ಬಿಟ್ಟು ಟೇಬಲ್‌ಬೇಸ್ (ಅಂಥ ಎಲ್ಲ ಸ್ಥಿತಿಗಳ ಫಲಿತಾಂಶ ಮೊದಲೇ ಲೆಕ್ಕ ಹಾಕಿಟ್ಟ ಭಂಡಾರ) ನೋಡಿ. ಅಲ್ಲಿ ಅಂದಾಜಿಲ್ಲ, ಗೆಲುವು, ಡ್ರಾ, ಸೋಲು ಎಂಬ ಖಚಿತ ಉತ್ತರವಿದೆ. ನಿಮ್ಮ 60ನೇ ಸ್ಥಿತಿಯಲ್ಲಿ ಐದೇ ಕಾಯಿ.

‘ಆನೆ ಎಂಡ್‌ಗೇಮ್ ಎಲ್ಲ ಡ್ರಾ’ ಎಂಬುದು ಹಳೆಯ ತಮಾಷೆ. ಚೆನ್ನೈನಲ್ಲಿ 2013ರಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ 5ನೇ ಮತ್ತು 6ನೇ ಆಟಗಳನ್ನು ಆನಂದ್ ಎದುರು ಗೆದ್ದದ್ದು ಆನೆ ಎಂಡ್‌ಗೇಮ್‌ಗಳಲ್ಲೇ. ಹಿಂದೆ ಹೋದರೆ, ಬ್ಯೂನಸ್ ಐರಿಸ್‌ನಲ್ಲಿ 1927ರಲ್ಲಿ ಅಲೆಖಿನ್ ಕಾಪಾಬ್ಲಾಂಕಾರಿಂದ ವಿಶ್ವ ಪಟ್ಟ ಕಸಿದ 34ನೇ ಆಟವೂ ಆನೆಗಳದ್ದೇ, 82 ನಡೆ. ಅದನ್ನು ನೀವು ಬೋರ್ಡಿನ ಮೇಲೆ ಆಡಿ ನೋಡಲೇಬೇಕು, ಏಕೆಂದರೆ ಅಲ್ಲಿ ಬಿಳಿಗೆ ದೂರದ ಎ ಪಾನ್ ಹೆಚ್ಚು, ಆನೆ ಅದರ ಹಿಂದೆ. ಅಲೆಖಿನ್ ಆ ಪಾನ್ ಅನ್ನು ಬದಲಾಯಿಸುವ ಆತುರ ತೋರಲಿಲ್ಲ. ಕಾಪಾಬ್ಲಾಂಕಾರ ಕಾಯಿಗಳನ್ನು ಅದರ ಕಾವಲಿಗೆ ಕಟ್ಟಿಹಾಕಿ, ತನ್ನ ರಾಜನನ್ನು ಇನ್ನೊಂದು ಬದಿಗೆ ಕಳಿಸಿದರು.

ಮುಂದೆ ಇಂಥ ಸ್ಥಿತಿ ಬಂದರೆ ನಿಮ್ಮೆದುರು ಇರುವ ದಾರಿಗಳು ಮೂರು. ಮೊದಲನೆಯದು, ದೂರದ ಪಾನ್ ಇಟ್ಟುಕೊಂಡು ಹಿಂಡುವುದು. ಅಪಾಯ ಏನೆಂದರೆ ಆನೆ ನಿಮ್ಮ ಪಾನ್‌ನ ಮುಂದೆ ಸಿಕ್ಕಿಕೊಳ್ಳುವುದು. ಪಾನ್ ಎ7, ನಿಮ್ಮ ಆನೆ ಎ8, ಅವರ ಆನೆ ಹಿಂದಿನಿಂದ ಎ1ರಲ್ಲಿ ಎಂದಾದರೆ ನಿಮ್ಮ ಆನೆ ಅಲ್ಲಾಡಲಾರದು. ಅಲ್ಲಿ ಒಂದೇ ಬಲೆ ಉಳಿಯುತ್ತದೆ: ಅವರ ರಾಜ ಎಫ್7ಕ್ಕೆ ಬಂದರೆ ಆನೆ ಎಚ್8ಕ್ಕೆ, ಅವರು ಎ7 ಹೊಡೆದರೆ ಎಚ್7ರಲ್ಲಿ ಚೆಕ್ ಕೊಟ್ಟು ಆನೆ ಹೊಡೆಯುವುದು. ರಾಜ ಜಿ7, ಎಚ್7 ಬಿಟ್ಟು ಕದಲದವರ ಎದುರು ಅದೂ ಇಲ್ಲ. ಹಾಗಾಗಿ ಪಾನ್ ಅನ್ನು ಎ7ರವರೆಗೆ ಓಡಿಸಬೇಡಿ, ಸಾಧ್ಯವಿದ್ದಷ್ಟೂ ಆನೆ ಹಿಂದೆ ಇರಲಿ.

ಎರಡನೆಯದು, ಆನೆಗಳನ್ನು ಬದಲಾಯಿಸಿ ಪಾನ್ ಎಂಡ್‌ಗೇಮ್‌ಗೆ ಇಳಿಯುವುದು. ಗೆಲುವಿನ ಸಾಧ್ಯತೆ ಇಲ್ಲೇ ಹೆಚ್ಚು, ಹಿಂದಿರುಗುವ ದಾರಿಯೂ ಇಲ್ಲ. ಕೊನೆಯವರೆಗೆ ಎಣಿಸದೆ ಇಳಿಯಬೇಡಿ. ಗಡಿಯಾರದಲ್ಲಿ ಐದು ನಿಮಿಷವಿದ್ದರೆ ಅದರಲ್ಲಿ ನಾಲ್ಕನ್ನು ಇದಕ್ಕೇ ಖರ್ಚು ಮಾಡಿ.

ಮೂರನೆಯದು, ನಾಲ್ಕಕ್ಕೆ ಮೂರು ಬಂದೇಬಿಟ್ಟರೆ ಸುಮ್ಮನೆ ಒತ್ತಡ ಹಾಕುತ್ತ ಕೂರುವುದು. ಪಾನ್‌ಗಳನ್ನು ಬೇಗ ತಳ್ಳದೆ ಮೊದಲು ರಾಜ, ಆನೆ ಒಳ್ಳೆಯ ಮನೆಗೆ ಬರಲಿ. ಜಿ4 ತಳ್ಳಿದ ಕೂಡಲೇ ಅವರು ಎಚ್ ಪಾನ್‌ನಿಂದ ಹೊಡೆದು ಒಂದು ಜೊತೆ ಕಡಿಮೆ ಮಾಡುತ್ತಾರೆ, ನಿಮ್ಮ ಇ4 ಒಂಟಿಯಾಗುತ್ತದೆ.

ಅಭ್ಯಾಸಕ್ಕೆ ಎರಡು ಸ್ಥಿತಿ ಸಾಕು, ಎರಡೂ ಬದಿಯಿಂದ ಆಡಿ. ಒಂದು ನಿಮ್ಮದೇ 60ನೇ ಸ್ಥಿತಿ. ಕಪ್ಪು ಹಿಡಿದು ಎಂಜಿನ್ ಎದುರು ಡ್ರಾ ಮಾಡಿ, ಸತತ ಐದು ಸಲ ಆಗುವವರೆಗೆ. ಇನ್ನೊಂದು ಗೆಲುವಿನದು: ಬಿಳಿ ರಾಜ ಡಿ8, ಪಾನ್ ಡಿ7, ಆನೆ ಎಫ್1, ಕಪ್ಪು ರಾಜ ಜಿ7, ಆನೆ ಸಿ2. ಆನೆ ಎಫ್4ಕ್ಕೆ, ಅವರ ಆನೆ ಸಿ1ಕ್ಕೆ. ರಾಜ ಇ7, ಇ1ರಿಂದ ಚೆಕ್. ರಾಜ ಡಿ6, ಡಿ1ರಿಂದ ಚೆಕ್. ರಾಜ ಇ6, ಇ1ರಿಂದ ಚೆಕ್. ರಾಜ ಡಿ5, ಡಿ1ರಿಂದ ಚೆಕ್. ಆಗ ಆನೆ ಡಿ4ಕ್ಕೆ ಅಡ್ಡ ಬಂದು ಚೆಕ್‌ಗಳೆಲ್ಲ ಮುಗಿದವು, ಪಾನ್ ರಾಣಿಯಾಗುತ್ತದೆ. ಮೊದಲ ನಡೆಯಲ್ಲೇ ಆನೆ ನಾಲ್ಕನೇ ಸಾಲಿಗೆ ಬಂದದ್ದು ಈ ಅಡ್ಡಕ್ಕಾಗಿ. ಇದಕ್ಕೆ ಲುಸೇನಾ ಸ್ಥಿತಿ ಎಂದು ಹೆಸರು, ಆದರೆ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ. ಅಚ್ಚಿನಲ್ಲಿ ಸಿಗುವುದು 1634ರಲ್ಲಿ, ಇಟಲಿಯ ಸಾಲ್ವಿಯೋ ಬರಹದಲ್ಲಿ.

ರೇಟಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ‘ಕೆಳಗಿನವರ ಜೊತೆ ಡ್ರಾ’ ಎಂಬ ಚಿಂತೆ ಪತ್ರದಲ್ಲಿ ಇಣುಕುತ್ತಿದೆ. 130 ಅಂಕ ವ್ಯತ್ಯಾಸಕ್ಕೆ ಫಿಡೆ ಕೋಷ್ಟಕದಲ್ಲಿ ನಿಮ್ಮಿಂದ ನಿರೀಕ್ಷೆ 0.68 (ಗೆಲುವಿಗೆ 1, ಡ್ರಾಗೆ 0.5). ನಿಮ್ಮ ಕೆ ಅಂಶ (ರೇಟಿಂಗ್ ಎಷ್ಟು ಬದಲಾಗಬೇಕೆಂದು ಹೇಳುವ ಗುಣಕ) 20 ಇದ್ದರೆ ಈ ಡ್ರಾದಿಂದ ಹೋದದ್ದು 3.6 ಅಂಕ. ಗೆದ್ದಿದ್ದರೆ 6.4 ಬರುತ್ತಿತ್ತು; ಪಾನ್ ಹೆಚ್ಚಿದೆ ಎಂದು ವಿಪರೀತ ತಳ್ಳಾಡಿ ಸೋತಿದ್ದರೆ 13.6 ಹೋಗುತ್ತಿತ್ತು.